ಕೂಗದ ಸೈರನ್ನು

ಹಾಸನದ ಡಾಕ್ಟರು ನನಗೆ ಮೂರನ್ನು ಬಿಡಲು ಹೇಳಿದ್ದಾರೆ: ಹಪ್ಪಳ, ಉಪ್ಪಿನಕಾಯಿ, ಕೋಪ. ಹಪ್ಪಳ ಬಿಟ್ಟಿದ್ದೇನೆ. ಉಪ್ಪಿನಕಾಯಿಯನ್ನು ಮನೆಯವರು ಪೇಟೆಗೆ ಹೋದಾಗ ಮಾತ್ರ ತಿನ್ನುತ್ತೇನೆ. ಮೂರನೆಯದನ್ನು ಬಿಡುವ ಯೋಚನೆ ನನಗಿಲ್ಲ. ಅದೊಂದು ನನ್ನ ಸ್ವಂತದ್ದು. ಯಾಕೆ ಸಾಕಿಕೊಂಡಿದ್ದೇನೆ ಅಂತ ಹೇಳುತ್ತೇನೆ, ಕೇಳಿ.

ಹೋದ ವಾರ ಅಟ್ಟದಿಂದ ಟ್ರಂಕು ಇಳಿಸಿ ಹಳೆಯ ಕಾಗದ ಹರಿದು ಹಾಕುತ್ತಿದ್ದೆ. ತಳದಲ್ಲಿ ಸುರುಳಿ ಸುತ್ತಿದ ಒಂದು ಚಾರ್ಟು ಸಿಕ್ಕಿತು. ‘ವಿದ್ಯುತ್ ಉತ್ಪಾದನೆ’. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವಳು. ಅರಕಲಗೂಡು, ಚನ್ನರಾಯಪಟ್ಟಣ, ಕೊನೆಗೆ ಹೊಳೆನರಸೀಪುರ, ವರ್ಗವಾದಲ್ಲೆಲ್ಲ ಈ ಚಾರ್ಟು ನನ್ನ ಜೊತೆ ಬಸ್ಸು ಹತ್ತಿದೆ. ಬಾಗೂರಿನ ಸಂತೆಯ ದಿನ ಬಸ್ಸಿನಲ್ಲಿ ಒಬ್ಬ ಅಜ್ಜಿ ಅದನ್ನು ಚಾಪೆ ಎಂದುಕೊಂಡು ಮೇಲೆ ಕೂತುಬಿಟ್ಟಿದ್ದರು. ಅಣೆಕಟ್ಟಿನ ಗೋಡೆಗೆ ಅವತ್ತು ಬಿದ್ದ ಮಡಿಕೆ ಇವತ್ತಿಗೂ ಹಾಗೇ ಇದೆ.

ಚಾರ್ಟು ನೀವೂ ನೋಡಿರುತ್ತೀರಿ. ಎಡಗಡೆ ನೀಲಿ ನೀರು, ಅದಕ್ಕೊಂದು ಗೋಡೆ. ಗೋಡೆಯ ಬುಡದಿಂದ ಕೊಳವೆ, ಕೊಳವೆಯ ತುದಿಯಲ್ಲಿ ಟರ್ಬೈನ್, ಅದರ ನೆತ್ತಿಗೆ ಜನರೇಟರ್. ಅಲ್ಲಿಂದ ತಂತಿ, ಕಂಬ, ಕೊನೆಗೆ ಒಂದು ಹೆಂಚಿನ ಮನೆ. ಮನೆಯೊಳಗೆ ಹಳದಿ ಬಲ್ಬು. ಟರ್ಬೈನ್ ತಿರುಗಿಸಿ ಮುಗಿಸಿದ ನೀರು ಕಾಗದದ ಅಂಚಿನವರೆಗೆ ಒಂದು ನೀಲಿ ಗೆರೆಯಾಗಿ ಹೋಗಿ ಅಲ್ಲಿಗೆ ನಿಂತುಬಿಡುತ್ತದೆ. ಪ್ರತಿ ವರ್ಷ ಕ್ಲಾಸಿನಲ್ಲಿ ಯಾರಾದರೊಬ್ಬರು ಕೇಳುತ್ತಿದ್ದರು: “ಮಿಸ್, ಆ ನೀರು ಆಮೇಲೆ ಎಲ್ಲಿಗೆ ಹೋಗ್ತದೆ?”

“ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ” ಎನ್ನುತ್ತಿದ್ದೆ ನಾನು. ನನ್ನ ಕೋಪದಲ್ಲಿ ಮೊದಲ ಪಾಲು ಈ ಉತ್ತರ ಕೊಟ್ಟವಳಿಗೇ ಸಲ್ಲಬೇಕು.

ಏಕೆಂದರೆ ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿಲ್ಲದವಳೇನೂ ನಾನಲ್ಲ. ಅದು ನಮ್ಮೂರಿಗೇ ಬರುತ್ತದೆ. ಹೊಳೆನರಸೀಪುರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಹೇಮಾವತಿಯ ದಂಡೆಯ ಊರು. ಊರಿನಿಂದ ಸ್ವಲ್ಪ ಮೇಲೆ ಹೊಳೆಗೆ ಅಡ್ಡಲಾಗಿ ಒಂದು ಕಟ್ಟೆ, ಪಕ್ಕದಲ್ಲಿ ಒಂದು ಸಣ್ಣ ಪವರ್‌ಹೌಸು. ಅದರ ಗೇಟಿನ ಮೇಲಿನ ಹೆಸರು ನನಗೆ ತಿಳಿದಂತೆ ಮೂರು ಸಲ ಬದಲಾಗಿದೆ. ಈಗಿನದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನನ್ನ ಬಿ.ಪಿ. ಏರುತ್ತದೆ.

ನಾನು ಚಿಕ್ಕವಳಿದ್ದಾಗ ಅಲ್ಲಿ ಮಿಷಿನ್ನು ತಿರುಗಿಸುತ್ತಿದ್ದವರು ನಮ್ಮ ರಂಗಪ್ಪ ಚಿಕ್ಕಪ್ಪ. ಖಾಕಿ ಅಂಗಿ, ಎಣ್ಣೆ ಹತ್ತಿದ ಕೈ, ಊರಿಗೆಲ್ಲ ಕೇಳುವ ಗಂಟಲು. ನೀರು ಬಿಡುವ ಹೊತ್ತಾದರೆ ಮೊದಲು ಮೂರು ಸಲ ಸೈರನ್ನು ಕೂಗಿಸುತ್ತಿದ್ದರು. ಅಷ್ಟಕ್ಕೇ ಸಮಾಧಾನವಾಗದೆ ಸೈಕಲ್ ಹತ್ತಿ ದಂಡೆಯುದ್ದಕ್ಕೂ ಕೂಗಿಕೊಂಡು ಬರುತ್ತಿದ್ದರು: “ನೀರ್ ಬಿಡ್ತೀನಿ ಕಣ್ರವ್ವೋ! ಏಳ್ರೀ! ಬಟ್ಟೆ ಆಮ್ಯಾಕೆ, ಮೊದ್ಲು ನೀವು ಏಳ್ರೀ!” ಕೊನೆಯವರು ದಂಡೆ ಹತ್ತಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ವಾಪಸು ಹೋಗಿ ಮಿಷಿನ್ನಿಗೆ ಕೈ ಹಾಕುತ್ತಿದ್ದರು.

ಇದರಿಂದ ಆಗಾಗ ತಡವಾಗುತ್ತಿತ್ತು. ತಡವಾದರೆ ಪವರ್‌ಹೌಸಿನ ಪುಸ್ತಕದಲ್ಲಿ ಕಾರಣ ಬರೆಯಬೇಕು. ಚಿಕ್ಕಪ್ಪ ದುಂಡಗಿನ ಅಕ್ಷರದಲ್ಲಿ ‘ಎಮ್ಮೆ ನೀರಿನಲ್ಲಿತ್ತು’ ಎಂದು ಬರೆಯುತ್ತಿದ್ದರು. ಮರುವಾರ ಮತ್ತೆ ‘ಎಮ್ಮೆ ನೀರಿನಲ್ಲಿತ್ತು’. ಹಾಸನದಿಂದ ಬಂದ ಇಂಜಿನಿಯರರೊಬ್ಬರು ಪುಸ್ತಕ ತಿರುವಿ ಕೆಂಡವಾದರಂತೆ. “ಏನ್ರೀ ಇದು? ಎಮ್ಮೆಗೋಸ್ಕರ ಮಿಷಿನ್ ನಿಲ್ಲಿಸ್ತಾರೇನ್ರೀ?”

ಚಿಕ್ಕಪ್ಪ ಕೈಕಟ್ಟಿ ಹೇಳಿದರಂತೆ: “ಎಮ್ಮೆ ಹಿಂದೆ ಎಮ್ಮೆ ಕಾಯೋಳು ಇರ್ತಾಳೆ ಸಾ. ಎಮ್ಮೆ ಕೊಂಬು ಇಲ್ಲಿಗೆ ಕಾಣ್ತದೆ. ಅವಳ ತಲೆ ಕಾಣಾಕಿಲ್ಲ.”

ಇಂಜಿನಿಯರು ಸಹಿ ಹಾಕಿ ಜೀಪು ಹತ್ತಿದರು. ಊರಿನವರು ಚಿಕ್ಕಪ್ಪನಿಗೆ ‘ಎಮ್ಮೆ ಆಪರೇಟ್ರು’ ಎಂದು ಹೆಸರಿಟ್ಟರು. ಶಾಲೆಯಲ್ಲಿ ನನ್ನನ್ನೂ ಹಾಗೇ ರೇಗಿಸುತ್ತಿದ್ದರು. ನನಗೆ ಅವಮಾನವಾಗಿ, ಇವರು ಪುಸ್ತಕದಲ್ಲಿ ಬರೆಯಲು ಬೇರೇನೂ ಸಿಗುವುದಿಲ್ಲವೇ ಎಂದು ಅತ್ತದ್ದುಂಟು. ಅಷ್ಟು ದಡ್ಡಿ ನಾನು.

ಹೊಳೆಯ ಬಗ್ಗೆ ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ನಮ್ಮೂರ ದಂಡೆಗೆ ಅಂಟಿಕೊಂಡ ಹಾಗೆ ಕಲ್ಲಿನ ಮೆಟ್ಟಿಲುಗಳಿವೆ. ನೀರು ಏರಿದರೆ ಎರಡು ಮೆಟ್ಟಿಲು ಹತ್ತಿದರಾಯಿತು, ಸೆರಗೂ ನೆನೆಯುವುದಿಲ್ಲ. ಅದು ನಮ್ಮ ಕೇರಿಯವರದ್ದು, ಅಂದರೆ ಜಮೀನಿದ್ದವರದ್ದು. ನನ್ನ ಗೆಳತಿ ರತ್ನಮ್ಮನ ಕೇರಿಯವರಿಗೆ ಬಿಟ್ಟುಕೊಟ್ಟದ್ದು ಅದಕ್ಕಿಂತ ಕೆಳಗೆ, ನಡುಹೊಳೆಯಲ್ಲಿರುವ ದೊಡ್ಡ ಬಂಡೆ. ಮೊಣಕಾಲುದ್ದ ನೀರು ದಾಟಿಯೇ ಹೋಗಬೇಕು. ‘ಬಿಟ್ಟುಕೊಟ್ಟದ್ದು’ ಎಂಬ ಮಾತು ನಮ್ಮ ಅಜ್ಜಿಯದು, ಏನೋ ದಾನ ಕೊಟ್ಟ ಹಾಗೆ. ಈಗ ಮೆಟ್ಟಿಲ ಮೇಲೆ ಯಾರು ಕೂತರೂ ಯಾರೂ ಏನೂ ಅನ್ನುವುದಿಲ್ಲ. ಆದರೆ ಅಭ್ಯಾಸ ಅಷ್ಟು ಬೇಗ ಅಳಿಯುವುದಿಲ್ಲ ನೋಡಿ. ಹಾಗಾದ ಮೇಲೂ ರತ್ನಮ್ಮ ಹೋಗುತ್ತಿದ್ದದ್ದು ಬಂಡೆಗೇ.

ರತ್ನಮ್ಮ ನನಗಿಂತ ಎರಡು ವರ್ಷ ಚಿಕ್ಕವಳು. ಶಾಲೆಗೆ ಒಟ್ಟಿಗೆ ನಡೆದು ಹೋಗುತ್ತಿದ್ದೆವು. ನಾನು ಓದಿ ಟೀಚರಾದೆ. ಅವಳು ಏಳನೆಯದಕ್ಕೆ ನಿಲ್ಲಿಸಿ, ಮದುವೆಯಾಗಿ ಅದೇ ಊರಿನಲ್ಲಿ ಉಳಿದು, ಆಮೇಲೆ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದಳು. ಅವಳ ಮನೆಯ ನಡುಗೋಡೆಯಲ್ಲಿ ಬುದ್ಧನ ಪಟವಿದೆ, ಕೆಳಗೆ ಅವಳ ಸೊಸೆ ಕಾವ್ಯಳ ಡಿಗ್ರಿ ಫೋಟೊ. ಎರಡಕ್ಕೂ ಒಂದೇ ಹೂವಿನ ಸರ.

ನಾನು ರಿಟೈರಾದ ವರ್ಷ, ಯುಗಾದಿಗೆ ಒಂದು ವಾರ ಮುಂಚೆ, ಊರಿಗೆ, ತಮ್ಮನ ಮನೆಗೆ ಹೋಗಿದ್ದೆ. ಭಾನುವಾರ ಬೆಳಿಗ್ಗೆ ರತ್ನಮ್ಮ ತಲೆಯ ಮೇಲೊಂದು ಗಂಟು ಹೊತ್ತು ಬಾಗಿಲಿಗೆ ಬಂದಳು. ಹಿಂದೆ ಕಾವ್ಯಳ ತಲೆಯ ಮೇಲೂ ಒಂದು.

“ಸರೋಜಕ್ಕ, ಕಂಬ್ಳಿ ಒಗೆಯಾಕೆ ಓಯ್ತಾ ಇವ್ನಿ. ಬತ್ತೀಯಾ? ಮನೇಲಿ ಕೂತ್ಕಂಡು ಏನ್ ಮಾಡೀಯೆ?”

ಹೋದೆ. ಬೇಸಿಗೆಯ ಹೊಳೆ, ತಿಳಿ ನೀರು. ಒಗೆದದ್ದು ಅವರಿಬ್ಬರು. ನಾನು ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟು ಸಲಹೆ ಕೊಟ್ಟೆ. “ಮೇಷ್ಟ್ರುಗಳೇ ಇಷ್ಟು, ಬಾಯಲ್ಲೇ ಬಟ್ಟೆ ಒಗೆದ್ಬುಡ್ತರೆ” ಎಂದು ರತ್ನಮ್ಮ ನನ್ನ ಮೇಲೆ ನೀರೆರಚಿದಳು. ಮಧ್ಯಾಹ್ನದ ಹೊತ್ತಿಗೆ ಕಂಬಳಿಗಳನ್ನೆಲ್ಲ ಬಂಡೆಯ ಮೇಲೆ ಹರವಿ ದಂಡೆಗೆ ಬಂದು ಹೊಂಗೆ ಮರದಡಿ ರೊಟ್ಟಿ ತಿಂದೆವು. ನಾಲ್ಕು ಗಂಟೆಯ ಸುಮಾರಿಗೆ, ಒಣಗಿದವು ಎಂದು ಎತ್ತಿಕೊಳ್ಳಲು ಮೂವರೂ ಮತ್ತೆ ಬಂಡೆಗೆ ದಾಟಿದೆವು.

ನಾಲ್ಕು ಗಂಟೆ ಎನ್ನುವುದನ್ನು ಗಮನಿಸಿ. ಚಿಕ್ಕಪ್ಪನ ಕಾಲದಲ್ಲಿ ಆ ಹೊತ್ತಿಗೆ ನೀರು ಬಿಡುತ್ತಿರಲಿಲ್ಲ. ಈಗ ಕರೆಂಟು ಹುಟ್ಟುವ ಕ್ರಮವೇ ಬೇರೆಯಾಗಿದೆ. ಹಗಲು ಬಿಸಿಲಿರುವವರೆಗೆ ಸೋಲಾರು. ಎಕರೆಗಟ್ಟಲೆ ಭೂಮಿಗೆ ಕನ್ನಡಿ ಹಾಸಿದ ಹಾಗೆ ಹಲಗೆಗಳನ್ನು ಹಾಸಿರುವುದನ್ನು ನೀವೂ ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಗುಡ್ಡದ ಮೇಲೆ ಗಾಳಿಯಂತ್ರ, ದೂರದಲ್ಲೆಲ್ಲೋ ಕಲ್ಲಿದ್ದಲು. ಬಿಸಿಲು ಇಳಿಯತೊಡಗಿದ ತಕ್ಷಣ ಸೋಲಾರು ಸೋಲುತ್ತದೆ. ಆಗ ಸರಕ್ಕನೆ ಕೈಗೆ ಸಿಗುವುದು ಹೊಳೆ. ಬೆಳಗಿನಿಂದ ಕಟ್ಟೆಯ ಹಿಂದೆ ಹಿಡಿದಿಟ್ಟ ನೀರನ್ನು ಒಮ್ಮೆಲೇ ಮಿಷಿನ್ನಿಗೆ ಬಿಡುತ್ತಾರೆ. ಅಲ್ಲಿಯವರೆಗೆ ಕತ್ತಲಾಗಿ ಜನ ಮನೆ ಸೇರಿದ ಮೇಲೆ ಬಿಡುತ್ತಿದ್ದವರು ನಾಲ್ಕಕ್ಕೆ ಬಿಡತೊಡಗಿದ್ದು ಆ ವಾರವೇ. ಇದನ್ನೆಲ್ಲ ನಾನು ಆಮೇಲೆ ಓದಿ ತಿಳಿದುಕೊಂಡೆ. ತಿಳಿಯಬೇಕಾಗಿದ್ದದ್ದು ಮುಂಚೆ.

ಮೊದಲು ಗಮನಿಸಿದ್ದು ರತ್ನಮ್ಮ. ಮಡಚುತ್ತಿದ್ದ ಕಂಬಳಿಯನ್ನು ಕೈಬಿಟ್ಟು ತಲೆಯೆತ್ತಿದಳು.

“ತಡಿ. ಹೊಳೆ ಸದ್ದು ಬ್ಯಾರೆ ಆಯ್ತು.”

“ಗಾಳಿ ಕಣೇ” ಅಂದೆ ನಾನು, ಎಂ.ಎಸ್ಸಿ., ಬಿ.ಎಡ್.

“ಗಾಳಿ ಅಲ್ಲ. ನೀರು! ಬುಡು ಕಂಬ್ಳೀನ, ನಡೀ! ಕಾವ್ಯ, ನಡಿಯವ್ವಾ!”

ಕಾವ್ಯಳನ್ನು ಮುಂದಕ್ಕೆ ತಳ್ಳಿದಳು. ನಾನು ಬಂಡೆಯಿಂದ ಇಳಿದಾಗ ಮೊಣಕಾಲಿಗಿದ್ದ ನೀರು ತೊಡೆಗೆ ಬಂದಿತ್ತು. ಆಗಲೂ ನನ್ನ ತೋಳಿನಲ್ಲಿ ಒಂದು ಕಂಬಳಿ! ಬೇರೆಯವರ ಮನೆಯದು, ಹೋದರೆ ಏನಂದುಕೊಳ್ಳುತ್ತಾರೋ ಎಂಬ ದಾಕ್ಷಿಣ್ಯ. ಕಂಬಳಿ ನೆನೆದು ನನ್ನನ್ನೇ ಎಳೆಯತೊಡಗಿತು. ರತ್ನಮ್ಮ ಹಿಂದಿನಿಂದ ಬಂದು ಅದನ್ನು ಕಿತ್ತು ಬಿಸಾಕಿ ನನ್ನ ಬೆನ್ನಿಗೆ ಎರಡೂ ಕೈಯಿಟ್ಟು ನೂಕಿದಳು. ಕಾವ್ಯ ದಂಡೆಯಿಂದ ನನ್ನ ರಟ್ಟೆ ಹಿಡಿದು ಎಳೆದುಕೊಂಡಳು. ತಿರುಗಿ ನೋಡುತ್ತೇನೆ, ರತ್ನಮ್ಮ ಇಲ್ಲ.

ಕಾಲು ಜಾರಿ ಎರಡು ಕಲ್ಲುಗಳ ನಡುವೆ ಬಿದ್ದಿದ್ದಳು. ಮೊಣಕಾಲು ಸಂದಿಗೆ ಸಿಕ್ಕಿಕೊಂಡಿತ್ತು. ಸಿಕ್ಕಿದ್ದರಿಂದ ಮುರಿಯಿತು, ಮುರಿದರೂ ಸಿಕ್ಕಿದ್ದರಿಂದಲೇ ಕೊಚ್ಚಿಕೊಂಡು ಹೋಗಲಿಲ್ಲ. ನೀರು ಅವಳ ಗಲ್ಲ ಮುಟ್ಟುತ್ತಿತ್ತು. ನಮ್ಮ ಕೂಗಾಟ ಕೇಳಿ ದಂಡೆಯ ತೆಂಗಿನ ತೋಟದಲ್ಲಿದ್ದ ಇಬ್ಬರು ಹಗ್ಗ ತಂದರು. ಒಬ್ಬರು ಸೊಂಟಕ್ಕೆ ಕಟ್ಟಿಕೊಂಡು ಇಳಿದು ಅವಳನ್ನು ಬಿಡಿಸಿ ತಂದರು. ದಂಡೆಗೆ ಹಾಕಿದಾಗ ಅವಳು ಅಳಲಿಲ್ಲ. ನನ್ನ ಮುಖ ನೋಡಿ, “ಸೈರನ್ನು ಕೂಗ್ತಾ ಸರೋಜಕ್ಕ? ನನಗೇ ಕೇಳಿಸ್ನಿಲ್ವಾ?” ಅಂದಳು.

ಕೂಗಿರಲಿಲ್ಲ.

ಹೊಳೆನರಸೀಪುರದ ಆಸ್ಪತ್ರೆ, ಅಲ್ಲಿಂದ ಹಾಸನ, ಆಪರೇಶನ್, ಮೊಣಕಾಲಿಗೆ ಪ್ಲೇಟು. ಅವಳಿಗೆ ಶಾಲೆಯ ಅಡುಗೆಮನೆಯಲ್ಲಿ ಇನ್ನೂ ಎರಡು ವರ್ಷ ಕೆಲಸವಿತ್ತು. ದೊಡ್ಡ ಪಾತ್ರೆ ಇಳಿಸಬೇಕು, ನಿಂತೇ ಅನ್ನ ಬಸಿಯಬೇಕು. “ನಿಂತ್ಕಳಾಕೆ ಆಗ್ದಿದ್ರೆ ಬಿಟ್ಬುಡಮ್ಮ” ಎಂದು ಹೇಳಿ ಕಳುಹಿಸಿದರು. ಹೇಳಿದವರದ್ದೇನೂ ತಪ್ಪಿಲ್ಲ. ಆದರೆ ಆ ಮಾತು ಕೇಳಿದಾಗ ರತ್ನಮ್ಮ ಗೋಡೆಯ ಕಡೆಗೆ ಹೊರಳಿ ಮಲಗಿದ್ದನ್ನು ನಾನು ನೋಡಿದ್ದೇನೆ. ಸಾಯುವ ಹೊತ್ತಿನಲ್ಲಿ ಅಳದವಳು ಅವತ್ತು ಅತ್ತಳು.

ಅವಳು ಆಸ್ಪತ್ರೆಯಲ್ಲಿದ್ದಾಗಲೇ ನಾನೂ ಕಾವ್ಯಳೂ ಪವರ್‌ಹೌಸಿಗೆ ಹೋದೆವು. ಒಳಗೆ ಜನವೇ ಇಲ್ಲ. ಚಿಕ್ಕಪ್ಪ ಕೂರುತ್ತಿದ್ದ ಜಾಗದಲ್ಲಿ ಒಂದು ಕಬ್ಬಿಣದ ಬೀರು, ಅದರಲ್ಲಿ ಮಿಣಮಿಣ ದೀಪ. ಗೇಟಿನಲ್ಲಿ ಗಾರ್ಡು ಲೋಕೇಶ. ನನ್ನ ಹಳೆಯ ವಿದ್ಯಾರ್ಥಿ.

“ಇಲ್ಲಿ ಯಾರೂ ಬಿಡಾಕಿಲ್ಲ ಮಿಸ್” ಅಂದ. “ಎಲ್ಲೋ ಕೂತ್ಕಂಡು ಒತ್ತುತಾರೆ, ಇಲ್ಲಿ ತಿರುಗ್ತದೆ. ನಾನು ಗೇಟ್ ಕಾಯಾಕೆ ಅಷ್ಟೆ.”

“ಸೈರನ್ನು?”

“ಕೆಟ್ಟೋಗಿ ಎಲ್ಡು ಮಳೆಗಾಲ ಆಯ್ತು. ನಾನೂ ಹೇಳ್ದೆ, ಬರ್ದೂ ಕೊಟ್ಟೆ. ಮಿಷಿನ್ ಕೆಟ್ಟ್ರೆ ಅವತ್ತೇ ಬತ್ತಾರೆ ಮಿಸ್. ಸೈರನ್ನಿಗೆ ಯಾರು ಬತ್ತಾರೆ?”

ಮೇಲಕ್ಕೆ ಕೈ ತೋರಿಸಿದ. ಸೈರನ್ನಿನ ಬಾಯೊಳಗೆ ಗೊರವಂಕ ಗೂಡು ಕಟ್ಟಿತ್ತು.

ಮರುದಿನ ಹಾಸನದಲ್ಲಿರುವ ಕಂಪನಿಯ ಆಫೀಸಿಗೆ. ಮ್ಯಾನೇಜರು ಸಭ್ಯರು, ನೀರು ಕೊಟ್ಟರು, ಪಾಪ ಎಂದರು. ಆಮೇಲೆ, “ನಾವು ವಾರ್ನಿಂಗ್ ಬೋರ್ಡ್ ಹಾಕಿದೀವಲ್ಲ ಮೇಡಂ” ಎಂದರು.

ಬೋರ್ಡು ನಾನು ನೋಡಿದ್ದೆ. ಟಾರು ರಸ್ತೆಗೆ ಮುಖ ಮಾಡಿ ನಿಂತಿತ್ತು, ಇಂಗ್ಲಿಷಿನಲ್ಲಿ. ಹೊಳೆಯಲ್ಲಿ ನಿಂತವರಿಗೆ ಅದರ ತಗಡಿನ ಬೆನ್ನು ಮಾತ್ರ ಕಾಣುತ್ತಿತ್ತು. ಹಾಗೆಂದು ಹೇಳಿದೆ.

“ನೋಡಿ ಮೇಡಂ, ನಾವು ಕ್ಲೀನ್ ಎನರ್ಜಿ ಕೊಡ್ತಿದೀವಿ. ಹೊಗೆ ಇಲ್ಲ, ಬೂದಿ ಇಲ್ಲ. ಯಾರಿಗೂ ತೊಂದರೆ ಇಲ್ಲ. ಟೈಮಿಂಗ್ ನಮ್ಮ ಕೈಲಿಲ್ಲ, ಡಿಮ್ಯಾಂಡ್ ಮೇಲೆ ಹೋಗುತ್ತೆ. ಅಷ್ಟಕ್ಕೂ ಆ ಹೊತ್ತಲ್ಲಿ ಅವರು ನೀರಿಗೆ ಯಾಕೆ ಇಳಿದ್ರು?”

ಕಾವ್ಯ ಕೇಳಿದಳು: “ಹೊಳೆ ನೀವು ತಂದಿದ್ದಾ ಸಾ?”

ಅವರು ನಕ್ಕರು. ಏನೋ ಮಗು ಆಡಿದ ಮಾತಿಗೆ ನಕ್ಕ ಹಾಗೆ. ಆ ನಗು ನೋಡಿ ನನ್ನೊಳಗೆ ಏನಾಯಿತೋ, ಮೂವತ್ತು ಚಿಲ್ಲರೆ ವರ್ಷ ಕ್ಲಾಸಿನಲ್ಲಿ ಪಳಗಿದ ಗಂಟಲು ತಾನಾಗಿ ಹೊರಬಂತು: “ಏನು ನಗು? ಎದ್ದು ನಿಂತ್ಕೋ!”

ನಂಬಿದರೆ ನಂಬಿ, ಆ ಮನುಷ್ಯ ಎದ್ದು ನಿಂತುಬಿಟ್ಟರು. ಪಕ್ಕದ ರೂಮಿನಲ್ಲೂ ಒಬ್ಬರು ಕುರ್ಚಿ ಸರಿಸಿದ ಸದ್ದಾಯಿತು. ನನಗೇ ಗಾಬರಿಯಾಗಿ, ಹೇಳಬೇಕೆಂದುಕೊಂಡಿದ್ದ ಒಳ್ಳೆಯ ಮಾತುಗಳೆಲ್ಲ ಮರೆತುಹೋದವು. “ಸೈರನ್ನು ಹಾಕ್ಸಿ” ಎಂದಷ್ಟೇ ಹೇಳಿ ಅರ್ಜಿಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ‘ಪ್ರೊಸೆಸ್’ನಲ್ಲಿದೆ ಎಂದು ಎರಡು ತಿಂಗಳು ಹೇಳಿದರು. ಕೇಳಲು ಇನ್ನೂ ಎರಡು ಆಫೀಸಿಗೆ ಹೋದೆ. ಒಬ್ಬರು ಇದು ನೀರಿನವರಿಗೆ ಸೇರಿದ್ದು ಎಂದರು, ಇನ್ನೊಬ್ಬರು ಕರೆಂಟಿನವರಿಗೆ ಸೇರಿದ್ದು ಎಂದರು.

ಅಷ್ಟರಲ್ಲಿ ರತ್ನಮ್ಮ ವಾಕರ್ ಹಿಡಿದು ನಡೆಯುವ ಹಾಗಾಗಿದ್ದಳು. ಮೂರನೆಯ ಅರ್ಜಿ ಬರೆಯುತ್ತಿದ್ದ ನನ್ನನ್ನು ನೋಡಿ, “ಅದನ್ನ ಮಡಗು ಸರೋಜಕ್ಕ” ಎಂದಳು. “ನಿನ್ ಅಕ್ಸರ ಚೆಂದಾಗದೆ ಅಂತ ಓದಾಕಿಲ್ಲ ಅವರು. ನಮ್ಮ ಹೆಂಗಸ್ರು ಹೊಳೆಗೆ ಇಳೀಲಿ. ಮೂರೂವರೆಗೆ ಇಳಿದು ಕತ್ತಲಾಗಗಂಟ ಮ್ಯಾಕೆ ಬರಾದು ಬ್ಯಾಡ. ನೀರಲ್ಲಿ ಜನ ಇರುವಾಗ ಯಾವನು ಒತ್ತುತಾನೋ ನೋಡ್ಮಾ.”

ನನಗೆ ಹೆದರಿಕೆಯಾಯಿತು. ಒತ್ತಿಬಿಟ್ಟರೆ? ಲೋಕೇಶನನ್ನು ಕೇಳಿದೆ. ಅವನಿಗೂ ಕೆಲಸ ಹೋಗುವ ಭಯ. ಕೊನೆಗೆ, “ಇಳೀಲಿ ಮಿಸ್. ನಾನು ಫೋನ್ ಮಾಡಿ ಹೇಳ್ತೀನಿ, ಜನ ಅವ್ರೆ, ಬಿಡಂಗಿಲ್ಲ ಅಂತ. ಅವರು ಹೂಂ ಅನ್ನೋಗಂಟ ಯಾರೂ ಇಳೀಬ್ಯಾಡಿ” ಎಂದ.

ಮೊದಲ ದಿನ ರತ್ನಮ್ಮನ ಕೇರಿಯ ಹನ್ನೊಂದು ಹೆಂಗಸರು, ಮತ್ತೆ ನಾನು. ಲೋಕೇಶ ಕಟ್ಟೆಯ ಮೇಲಿನಿಂದ ಕೈಯೆತ್ತಿ ತೋರಿಸಿದ ಮೇಲೆ ಇಳಿದೆವು. ಮೊಣಕಾಲುದ್ದ ನೀರಿನಲ್ಲಿ, ಅದೇ ಬಂಡೆಯ ಸುತ್ತ ನಿಂತೆವು. ಸುಳ್ಳು ಯಾಕೆ ಹೇಳಲಿ, ನಾನು ಪಕ್ಕದವಳ ಸೆರಗು ಹಿಡಿದುಕೊಂಡಿದ್ದೆ. ಸಂಜೆಯಾಯಿತು, ಮಿಷಿನ್ನು ತಿರುಗಲಿಲ್ಲ. ಮರುದಿನ ನಮ್ಮ ಕೇರಿಯಿಂದ ನನ್ನ ತಮ್ಮನ ಹೆಂಡತಿ ಬಂದಳು. ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಸೀರೆ ಎತ್ತಿ ಕಟ್ಟಿ ಬಂಡೆಯವರೆಗೂ ದಾಟಿದಳು. ಮದುವೆಯಾಗಿ ಬಂದು ಅಷ್ಟು ವರ್ಷವಾದರೂ ಅವಳು ಆ ಬಂಡೆ ಮುಟ್ಟಿದ್ದು ಅವತ್ತೇ ಮೊದಲು. ಅವಳನ್ನು ನೋಡಿ ಇನ್ನೂ ನಾಲ್ವರು. ರತ್ನಮ್ಮ ಹೊಂಗೆ ಮರದಡಿ ಕುರ್ಚಿ ಹಾಕಿಕೊಂಡು ಕೂತು, ಯಾರು ಎಲ್ಲಿ ನಿಲ್ಲಬೇಕು, ಎಲ್ಲಿ ಜಾರುತ್ತದೆ ಎಂದು ಕೂಗಿ ಹೇಳುತ್ತಿದ್ದಳು.

ಮೂರು ಸಂಜೆ ಮಿಷಿನ್ನು ತಿರುಗಲಿಲ್ಲ. ನಾಲ್ಕನೆಯ ಬೆಳಿಗ್ಗೆ ಜೀಪು ಬಂತು. ಹಿಂದೆ ಕಂಬ, ಸಿಮೆಂಟು, ವೈರು, ಕೆಲಸದವರು. ಆ ವಾರ ಮುಗಿಯುವುದರೊಳಗೆ ನಮ್ಮ ಮೆಟ್ಟಿಲ ಪಕ್ಕ ಹೊಸ ಸೈರನ್ನು ನಿಂತಿತ್ತು, ಕನ್ನಡದ ಬೋರ್ಡಿನ ಸಮೇತ.

ಊರವರೆಲ್ಲ ಗೆದ್ದೆವು ಎಂದು ಕುಣಿದರು. ನನಗೆ ಕೋಪ ಬಂದದ್ದು ಅವತ್ತೇ. ಅದಕ್ಕೆ ಮುಂಚೆ ಇದ್ದದ್ದು ದುಃಖ, ಸಿಟ್ಟು, ಭಯ ಎಲ್ಲ ಕಲಸಿದ್ದು. ಕಂಬ ನೋಡಿದ ಮೇಲೆ ಬಂದದ್ದು ಅಪ್ಪಟ ಕೋಪ. ಇಷ್ಟೇನಾ? ಒಂದು ವಾರವೂ ಹಿಡಿಯದ ಕೆಲಸವನ್ನು ಎರಡು ಮಳೆಗಾಲ ಮಾಡದೆ ಬಿಟ್ಟರಾ? ಕಷ್ಟದ ಕೆಲಸವಾಗಿದ್ದು ಆಗದೆ ಹೋಗಿದ್ದರೆ ಕ್ಷಮಿಸಬಹುದಿತ್ತು. ರತ್ನಮ್ಮ ಅನ್ನ ಬಸಿಯುವುದನ್ನು ನಿಲ್ಲಿಸಿದ್ದು, ಗೂಡು ಕಟ್ಟಿದ ಒಂದು ಸೈರನ್ನನ್ನು ಬದಲಾಯಿಸಲು ಯಾರಿಗೂ ಬಿಡುವಿರಲಿಲ್ಲ ಎಂಬ ಕಾರಣಕ್ಕೆ. ಡಾಕ್ಟರೇ, ಇದನ್ನು ಹೇಗೆ ಬಿಡುವುದು ಹೇಳಿ.

ಸೈರನ್ನು ಶುರುಮಾಡುವ ದಿನ ಮ್ಯಾನೇಜರೇ ಬಂದರು. ಫೋಟೊದವರನ್ನೂ ಕರೆತಂದಿದ್ದರು. ಕಂಬಕ್ಕೊಂದು ಚೆಂಡುಹೂವಿನ ಹಾರ. ಕಂಬದ ಸೊಂಟದಲ್ಲಿ ಒಂದು ಪೆಟ್ಟಿಗೆ, ಅದರಲ್ಲಿ ಪರೀಕ್ಷೆ ಮಾಡಲು ಒಂದು ಕೆಂಪು ಗುಂಡಿ. “ಅಮ್ಮನವರೇ ಒತ್ತಲಿ” ಎಂದು ರತ್ನಮ್ಮನನ್ನು ಕರೆದು ಕುರ್ಚಿ ಹಾಕಿಸಿದರು. ಫೋಟೊದವನು ಸಿದ್ಧನಾದ.

ರತ್ನಮ್ಮ ಗುಂಡಿಯ ಮೇಲೆ ಬೆರಳಿಟ್ಟಳು, ಒತ್ತಲಿಲ್ಲ.

“ಸಾ, ನೀವು ಅಲ್ಲಿಗೆ ಓಗಿ ನಿಂತ್ಕಳಿ” ಎಂದಳು, ನಡುಹೊಳೆಯ ಬಂಡೆ ತೋರಿಸಿ. “ಅಲ್ಲಿಗಂಟ ಕೇಳ್ತದಾ ಇಲ್ವಾ ಅಂತ ನೋಡ್ಬೇಕಲ್ಲಾ.”

“ಕೇಳುತ್ತಮ್ಮ. ಟೆಸ್ಟ್ ಮಾಡಿದಾರೆ.”

“ನಾನು ಟೆಸ್ಟ್ ಮಾಡ್ನಿಲ್ಲ ಸಾ.”

ಯಾರೂ ನಗಲಿಲ್ಲ. ಊರೆಲ್ಲ ದಂಡೆಯ ಮೇಲೆ ನಿಂತು ನೋಡುತ್ತಿತ್ತು. ಮ್ಯಾನೇಜರು ನನ್ನ ಮುಖ ನೋಡಿದರು. ನಾನು ಅವರ ಬೂಟು ನೋಡಿದೆ. ಅವರು ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿ ಬೂಟಿನೊಳಗೆ ತುರುಕಿದರು, ಪ್ಯಾಂಟು ಮಡಚಿದರು. ಕೈ ಅಗಲಿಸಿಕೊಂಡು, ಒಂದೊಂದು ಹೆಜ್ಜೆಗೂ ತಡಕಾಡುತ್ತ ನೀರು ದಾಟಿ ಬಂಡೆ ಹತ್ತಿದರು. ಈ ಕಡೆ ತಿರುಗಿ ಕೈಯೆತ್ತಿ, “ಒತ್ತಮ್ಮಾ!” ಎಂದು ಕೂಗಿದರು.

“ತಡೀರಿ ಸಾ” ಎಂದಳು ರತ್ನಮ್ಮ.

ಅವರು ಕಾದರು. ಒಂದು ಸಲ ಕತ್ತು ತಿರುಗಿಸಿ ಮೇಲಕ್ಕೆ, ಕಟ್ಟೆಯ ಕಡೆ ನೋಡಿದರು. ನಮ್ಮ ಕಡೆ ನೋಡಿ ನಕ್ಕರು. ಮತ್ತೆ ಕಟ್ಟೆಯ ಕಡೆ ನೋಡಿದರು. ಕಾಲಿನ ಕೆಳಗಿನ ನೀರು ನೋಡಿದರು. ಆಮೇಲೆ ನಗು ನಿಂತಿತು. ಕಟ್ಟೆಯ ಮೇಲಿಂದ ಕಣ್ಣು ಕೀಳಲೇ ಇಲ್ಲ.

ರತ್ನಮ್ಮ ಅವರನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ನೋಡುತ್ತಿರಲು ಬಿಟ್ಟಳು.